ಹಾರ್ಡ್ ಪದದ ಹದಿಮೂರನೇ ಅರ್ಥ

ನಮ್ಮ ಆಫೀಸಿನವರು ಮನೆಗೆ ಬಂದರೆ ನೆಂಟರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ನಾವು ಶಾಲೆಯ ಮಕ್ಕಳಿಗಾಗಿ ಇಂಗ್ಲಿಷ್-ಕನ್ನಡ ನಿಘಂಟು ಮಾಡುವವರು. ಒಂದೊಂದು ಪದದ ಒಂದೊಂದು ಅರ್ಥಕ್ಕೂ ಒಂದು ಚೀಟಿ, ಚೀಟಿಗೊಂದು ಉದಾಹರಣೆ ವಾಕ್ಯ. ಆ ವಾಕ್ಯವನ್ನು ಕೂತು ಕಟ್ಟುವಂತಿಲ್ಲ. ಯಾರಾದರೂ ಆಡಿದ್ದನ್ನು ಕಿವಿಯಾರೆ ಕೇಳಿರಬೇಕು, ಆಮೇಲೆ ಅದಕ್ಕೆ ಇಂಗ್ಲಿಷ್ ಹೊಂದಿಸಬೇಕು ಎನ್ನುವುದು ನಮ್ಮ ಸಂಪಾದಕರ ಕಾನೂನು. ಕಟ್ಟಿದ ವಾಕ್ಯ ಕೊಟ್ಟರೆ ಅವರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, "ಇದು ಕೇಳಿದ್ದಲ್ಲ, ಹೆಣೆದದ್ದು" ಎಂದು ವಾಪಸ್ಸು ಎಸೆಯುತ್ತಾರೆ. ಅದಕ್ಕೇ ನಾವು ಅವರಿಗೆ ಇಟ್ಟ ಹೆಸರು ಮೂಗಯ್ಯ. ಅವರಿಗೂ ಅದು ಗೊತ್ತು.

ಹೀಗಾಗಿ ನಮ್ಮ ಮನೆಯವರೆಲ್ಲ ನಿಘಂಟಿನೊಳಗೆ ಸಂಸಾರ ಹೂಡಿದ್ದಾರೆ. ನನ್ನ ಎದುರು ಮೇಜಿನವನು ಕ್ರಿಯಾಪದಗಳನ್ನು ನೋಡಿಕೊಳ್ಳುತ್ತಾನೆ. ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾನೆಂದು ಅವನನ್ನು ಅಲ್ಪವಿರಾಮ ಎನ್ನುತ್ತೇವೆ. ಅವನ ಅತ್ತೆ 'ಅರೈವ್'ನಲ್ಲಿದ್ದಾರೆ, 'ಕಂಪ್ಲೇನ್'ನಲ್ಲಿದ್ದಾರೆ, 'ಈಟ್'ನಲ್ಲಿ ಎರಡು ಕಡೆ ಇದ್ದಾರೆ. "ಎಲ್ ಅಕ್ಷರ ಬರೋ ಹೊತ್ತಿಗೆ, ದೇವರು ದೊಡ್ಡವನು, 'ಲೀವ್'ಗೂ ಒಂದು ವಾಕ್ಯ ಸಿಕ್ಕೀತು" ಎಂದು ಅವನು ಕಾಯುತ್ತಿದ್ದಾನೆ.

ನನ್ನ ಪಾಲಿಗೆ ಬಂದಿರುವುದು ಗುಣವಾಚಕಗಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹೊರಗಿನವರು ಉದ್ದುದ್ದದ ಪದಗಳೇ ಕಷ್ಟ ಎಂದುಕೊಂಡಿದ್ದಾರೆ. ಅಯ್ಯೋ, ಅವು ಪಾಪ, ಒಂದೇ ಅರ್ಥ ಹಿಡಿದುಕೊಂಡು ಮೂಲೆಯಲ್ಲಿ ಬಿದ್ದಿರುತ್ತವೆ. ಜೀವ ತಿನ್ನುವುದು ಚೋಟುದ್ದದ ಪದಗಳು. ಎಚ್ ಅಕ್ಷರಕ್ಕೆ ಬಂದಾಗ 'ಹಾರ್ಡ್' ಎದುರಾಯಿತು. ಕಲ್ಲೂ ಹಾರ್ಡ್, ಪರೀಕ್ಷೆಯೂ ಹಾರ್ಡ್, ದುಡಿಮೆಯೂ ಹಾರ್ಡ್, ಸೋಪಿಗೆ ನೊರೆ ಬಾರದ ನೀರೂ ಹಾರ್ಡ್, ಕುಡಿದರೆ ತಲೆಗೇರುವುದೂ ಹಾರ್ಡ್. ಇಂಗ್ಲಿಷಿನವರಿಗೆ ಎಲ್ಲದಕ್ಕೂ ಒಂದೇ ಡಬ್ಬಿ. ನಾವು ಬೇಳೆಗೊಂದು, ಸಕ್ಕರೆಗೊಂದು ಎಂದು ಬೇರೆ ಬೇರೆ ಇಡುವ ಜನ; ಗಟ್ಟಿ, ಕಷ್ಟ, ಬಿರುಸು, ಗಡಸು ಎಂದು ನಮ್ಮದು ಸಾಲು ಡಬ್ಬಿ. ಅವರದನ್ನು ಸುರಿದು ನಮ್ಮದಕ್ಕೆ ತುಂಬುವುದೇ ನನ್ನ ಉದ್ಯೋಗ.

ಸುರಿದಾಗ ಹದಿನಾಲ್ಕು ಅರ್ಥ ಬಂತು. ಅದರಲ್ಲಿ ಹದಿಮೂರು ಅರ್ಥಗಳಿಗೆ ವಾಕ್ಯ ಸಿಕ್ಕಿತು. 'ಬ್ರೆಡ್ ಒಣಗಿ ಗಟ್ಟಿಯಾಗಿದೆ' ಎಂಬುದು ಕ್ಯಾಂಟೀನಿನಲ್ಲಿ, 'ಈ ಸಲದ ಗಣಿತದ ಪರೀಕ್ಷೆ ಬಹಳ ಕಷ್ಟ' ಎಂಬುದು ಬಸ್ಸಿನಲ್ಲಿ, 'ಗಡಸು ನೀರಿಗೆ ನೊರೆ ಬರಲ್ಲ' ಎಂಬುದು ಮನೆಯಲ್ಲಿ ನನ್ನ ಅಕ್ಕನ ಬಾಯಲ್ಲಿ. ಸಿಗದೆ ಉಳಿದದ್ದು ಹದಿಮೂರನೆಯ ಅರ್ಥ. ಅದು ಮನುಷ್ಯರ ಬಗ್ಗೆ: ಕನಿಕರವಿಲ್ಲದ, ಕಲ್ಲುಮನಸ್ಸಿನ. ಮೂಗಯ್ಯ ದಿನಕ್ಕೆರಡು ಸಲ ಬಂದು ಮೇಜು ತಟ್ಟಿ, "ಹದಿಮೂರು ಎಲ್ಲಿ ಅಮ್ಮಾ?" ಎಂದು ಕೇಳತೊಡಗಿದರು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಾಗ ತಾನಾಗಿಯೇ ಒಂದು ಮಾತು ನೆನಪಿಗೆ ಬಂತು. ಬರೆದುಕೊಟ್ಟೆ: 'ನನ್ನ ಅಕ್ಕ ಕಲ್ಲುಮನಸ್ಸಿನವಳು, ಅಮ್ಮ ಸತ್ತ ದಿನವೂ ಒಂದು ಹನಿ ಕಣ್ಣೀರು ಹಾಕಲಿಲ್ಲ.' ಮೂಗಯ್ಯ ಮೂಸಿ ನೋಡಿ, "ಭೇಷ್! ಇದು ಕೇಳಿದ್ದು" ಎಂದರು.

ಕೇಳಿದ್ದು ಹೌದು. ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ಮನೆ ತುಂಬ ಜನ. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಯಾರಿಗೋ, "ಈ ದೊಡ್ಡವಳದು ಕಲ್ಲುಮನಸ್ಸು ನೋಡಿ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ" ಎನ್ನುತ್ತಿದ್ದಳು. 'ದೊಡ್ಡವಳು' ಎಂದರೆ ಓದುವ ಮಕ್ಕಳಿಗೆ ಯಾರೆಂದು ತಿಳಿಯುವುದಿಲ್ಲವೆಂದು 'ನನ್ನ ಅಕ್ಕ' ಎಂದು ತಿದ್ದಿ, 'ಅಮ್ಮ ಸತ್ತ ದಿನವೂ' ಎಂದು ಸೇರಿಸಿದೆ, ಅಷ್ಟೇ. ಬರೆಯುವಾಗ ನನ್ನ ಕಣ್ಣ ಮುಂದೆ ಅಕ್ಕ ಇರಲೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಕಸುಬಿನವರಿಗೆ ವಾಕ್ಯ ಎಂದರೆ ಬರೀ ವಾಕ್ಯ. ಅದರೊಳಗೆ ಇರುವವರು ಮನೆಯಲ್ಲಿ ನಮಗೆ ಅಡುಗೆ ಮಾಡಿಟ್ಟು ಕಾಯುತ್ತಿರುತ್ತಾರೆ ಎನ್ನುವುದು ಮರೆತೇ ಹೋಗಿರುತ್ತದೆ. ಮೂರ್ಖತನ ಅನ್ನಿ, ನಾನು ಬೇಡ ಅನ್ನುವುದಿಲ್ಲ.

ಅಕ್ಕ ಮತ್ತು ನಾನು ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದೇವೆ. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಅವಳು ಆಗದಿದ್ದದ್ದು ನನ್ನಿಂದ, ನಾನು ಆಗದಿದ್ದದ್ದು ನನ್ನ ಬಾಯಿಂದ. ಅಕ್ಕ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ನಲವತ್ತು ವರ್ಷ ದುಡಿದು ನನ್ನನ್ನು ಓದಿಸಿದಳು. ಕೆಲಸ ಬಿಟ್ಟು ಐದು ವರ್ಷವಾದರೂ ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೆ ಅವಳಿಗೆ ಊಟ ಸೇರುವುದಿಲ್ಲ. ನಾನು ಅಡುಗೆಮನೆಗೆ ಕಾಲಿಟ್ಟರೆ, "ಹೋಗು ಹೋಗು, ನಿನ್ನ ಕೈ ಬರೆಯೋಕೆ ಇರೋದು" ಎಂದು ಓಡಿಸುತ್ತಾಳೆ. ನಾನೂ ಓಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಒಂದೊಂದು ಅಕ್ಷರದ ಕೆಲಸ ಮುಗಿದಾಗಲೂ ಆಫೀಸಿನಲ್ಲಿ ಒಂದು ಮಾದರಿ ಪುಸ್ತಿಕೆ ತೆಗೆಯುತ್ತಾರೆ. ಅದು ಮನೆಗೆ ಬಂದ ಕೂಡಲೇ ಅಕ್ಕ ಎತ್ತಿಕೊಂಡು ಕೆಳಗಿನ ಮನೆಯ ಟೀಚರಮ್ಮನ ಹತ್ತಿರ ಹೋಗುತ್ತಾಳೆ. ಅಕ್ಕನಿಗೆ ಇಂಗ್ಲಿಷ್ ಬಾರದು. ಟೀಚರಮ್ಮ ಇಂಗ್ಲಿಷ್ ಓದುತ್ತಾರೆ, ಅಕ್ಕ ಕನ್ನಡ ಓದುತ್ತಾಳೆ. "ನಮ್ಮ ಹುಡುಗಿ ಮಾಡಿದ್ದು" ಎಂದು ಅಲ್ಲಿದ್ದವರಿಗೆಲ್ಲ ಹೇಳುತ್ತಾಳೆ. ಹುಡುಗಿಗೆ ಐವತ್ನಾಲ್ಕು.

ಎಚ್ ಅಕ್ಷರದ ಪುಸ್ತಿಕೆ ಟಪಾಲಿನಲ್ಲಿ ಬಂದದ್ದು ಸೋಮವಾರ ಮಧ್ಯಾಹ್ನ. ಅಂದು ಟೀಚರಮ್ಮನ ಮನೆಯಲ್ಲಿ ಇನ್ನಿಬ್ಬರು ನೆಂಟರಿದ್ದರಂತೆ. 'ಹಾರ್ಡ್'ನ ಹದಿಮೂರನೇ ಅರ್ಥಕ್ಕೆ ಬಂದಾಗ ಅಕ್ಕನೇ ಗಟ್ಟಿಯಾಗಿ ಓದಿದಳಂತೆ, ಅರ್ಧಕ್ಕೆ ನಿಲ್ಲಿಸಿದಳಂತೆ, "ಒಲೆ ಮೇಲೆ ಹಾಲಿದೆ" ಎಂದು ಎದ್ದಳಂತೆ. ಇಷ್ಟನ್ನು ಮಾರನೆಯ ದಿನ ಟೀಚರಮ್ಮ ಮೆಟ್ಟಿಲ ಮೇಲೆ ನನ್ನನ್ನು ತಡೆದು ಹೇಳಿದರು. ಸೋಮವಾರ ಸಂಜೆ ನಾನು ಮುಖ ತೊಳೆದು ಬಂದಾಗ ಪುಸ್ತಿಕೆ ಮೇಜಿನ ಮೇಲಿತ್ತು. ಅದೇ ಪುಟ ತೆರೆದು, ಗಾಳಿಗೆ ಮಗುಚದಂತೆ ಅಕ್ಕ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳು. ಓದಿದೆ.

"ಅಕ್ಕಾ" ಎಂದೆ. ಅವಳು ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಆಮೇಲೆ ಐದು ದಿನ ಮಾತಿಲ್ಲ, ಕತೆಯಿಲ್ಲ. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ, ಆ ವಿದ್ಯೆಯಲ್ಲಿ ನಾನೇನು ಕಡಿಮೆಯಲ್ಲ. ಅವಳು ಆಡಲಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಬಾಗಿಲ ಹತ್ತಿರ ಸಿದ್ಧವಿರುತ್ತಿತ್ತು, ಸೀರೆಗೆ ಇಸ್ತ್ರಿ ಆಗಿರುತ್ತಿತ್ತು, ಸಂಜೆ ಕಾಫಿ ಮೇಜಿನ ಮೇಲೆ ಬಂದು ಕೂತಿರುತ್ತಿತ್ತು. ಕ್ಷಮೆ ಕೇಳಿದೆ, ಚಿಕ್ಕಮ್ಮನ ಮಾತು ಎಂದು ಆಣೆ ಇಟ್ಟೆ, ಆಫೀಸಿನ ಕಾನೂನು ಎಂದೆ. ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ; ನನ್ನದು ಬರೀ ಆಡಿದ್ದಲ್ಲ, ಅಚ್ಚಾದದ್ದು. ನನಗೆ ಭಯವಾಯಿತು. ಅಕ್ಕನನ್ನು ಬಿಟ್ಟರೆ ಮನೆಗೆ ಬಂದು ಮಾತಾಡಲು ನನಗೆ ಈ ಪ್ರಪಂಚದಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಮೂಗಯ್ಯನ ಹತ್ತಿರ ಹೋಗಿ, ಆ ವಾಕ್ಯ ತೆಗೆಯಬೇಕು ಎಂದೆ.

"ಸೋಮವಾರ ಎಚ್ ತನಕದ ಮೊದಲ ಭಾಗ ಪ್ರೆಸ್ಸಿಗೆ ಹೋಗುತ್ತೆ. ಈಗ ತೆಗೀಬೇಕಾ? ಮನೆಯವರನ್ನೆಲ್ಲ ತಂದು ಹಾಕಿ ಅಂತ ನಾನು ಹೇಳಿದ್ನಾ?"

"ನೀವೇ ಹೇಳಿದ್ದು ಸಾರ್."

ಅವರು ಮೂಗು ಉಜ್ಜಿಕೊಂಡರು. "ಸರಿ. ಅಷ್ಟೇ ಉದ್ದದ ಇನ್ನೊಂದು ವಾಕ್ಯ ತನ್ನಿ. ಒಂದು ಸಾಲು ಹೆಚ್ಚಾದ್ರೂ ಮುಂದಿನ ಪುಟಗಳೆಲ್ಲ ಜರುಗುತ್ತೆ. ಮತ್ತೆ ನೋಡಿ, ಕೇಳಿದ್ದೇ ಆಗಬೇಕು."

ಅಲ್ಪವಿರಾಮ ಎದುರಿನಿಂದ ಕತ್ತು ಚಾಚಿದ. "ಅಕ್ಕಂದಿರ ಕೋಪ, ಹೊಗಳಿದ್ರೆ, ಇಳಿಯುತ್ತೆ. ಅದೇ ಪದದಲ್ಲಿ, ಒಳ್ಳೆ ಅರ್ಥ, ಒಂದಿಲ್ವಾ?"

ಇತ್ತು. ಗಟ್ಟಿಮುಟ್ಟಾದ, ಕಷ್ಟಕ್ಕೆ ಜಗ್ಗದ ಎನ್ನುವ ಅರ್ಥ. ಆ ಅರ್ಥದ ವಾಕ್ಯವನ್ನೂ ನಮ್ಮ ಬೀದಿಯಲ್ಲಿ ನೂರು ಸಲ ಕೇಳಿದ್ದೆ: 'ಅಕ್ಕ ಗಟ್ಟಿಗಿತ್ತಿ, ಎಂಥ ಕಷ್ಟ ಬಂದರೂ ಜಗ್ಗುವವಳಲ್ಲ.' ಕಲ್ಲುಮನಸ್ಸಿನ ಅರ್ಥವನ್ನೇ ಬಿಟ್ಟು ಅದರ ಜಾಗದಲ್ಲಿ ಇದನ್ನು ಕೂರಿಸಿದರೆ ಸಾಲೂ ಜರುಗುವುದಿಲ್ಲ. ಅಷ್ಟೇ ಸಾಲದು, ಅವಳು ನನಗೆ ಏನು ಎನ್ನುವುದಕ್ಕೆ ಸಾಕ್ಷಿಯನ್ನೂ ತೋರಿಸೋಣ ಎನ್ನಿಸಿತು. ಶುಕ್ರವಾರವೆಲ್ಲ ಕಪಾಟಿನ ಖಾನೆಗಳನ್ನು ಎಳೆದೆಳೆದು ಎ ಇಂದ ಎಚ್ ತನಕ ಅಕ್ಕನ ಮಾತಿರುವ ಚೀಟಿಗಳನ್ನೆಲ್ಲ ಹೆಕ್ಕಿದೆ. ನೂರ ಹದಿನೇಳು ಸಿಕ್ಕವು. ಚೀಟಿಯನ್ನು ಆಫೀಸಿನಿಂದ ಹೊರಗೆ ಒಯ್ಯುವಂತಿಲ್ಲ. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಊಟದ ಚೀಲಕ್ಕೆ ತುರುಕಿಕೊಂಡು ಹೊರಟೆ. ಕಳ್ಳತನ ಅಂದರೆ ಕಳ್ಳತನ.

ಮನೆಗೆ ಬಂದಾಗ ಅಕ್ಕ ಒಗೆದ ಹೊದಿಕೆಗಳನ್ನು ಮಡಿಸುತ್ತಿದ್ದಳು. ನಾನು ಚೀಟಿಗಳನ್ನು ಅವಳ ಮಂಚದ ಮೇಲೆ ಸಾಲಾಗಿ ಹರಡಿದೆ. "ನೋಡು, ನೀನಿಲ್ಲದ ಅಕ್ಷರ ಒಂದೂ ಇಲ್ಲ" ಎಂದೆ. ಅವಳು ಕೈಯಲ್ಲಿದ್ದ ಹೊದಿಕೆ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು ಒಂದು ಚೀಟಿ ಎತ್ತಿದಳು.

"ನೀನು ಓದಿ ಮುಗಿಸೋವರೆಗೂ ನಾನೂ ಎಚ್ಚರವಾಗಿರ್ತೀನಿ" ಎಂದು ಓದಿದಳು. ಅದು 'ಅವೇಕ್'. ಐದು ದಿನದ ಮೇಲೆ ನಾನು ಕೇಳಿದ ಅವಳ ಮೊದಲ ದನಿ. "ದೊಡ್ಡ ತುಂಡು ನೀನು ತಗೋ." ಅದು 'ಬಿಗ್'. "ತಣ್ಣಗಾದ್ರೂ ಪರವಾಗಿಲ್ಲ, ನಾನು ಆಮೇಲೆ ತಿಂತೀನಿ." 'ಕೋಲ್ಡ್'. "ನೀನು ಬಿಡು, ಭಾರ ಇದೆ, ನಾನು ಎತ್ಕೋತೀನಿ." 'ಹೆವಿ'. ಒಂದೊಂದನ್ನೂ ಓದಿ ಎತ್ತಿದ ಜಾಗಕ್ಕೇ ನೇರವಾಗಿ ಇಡುತ್ತಿದ್ದಳು. ಗೆದ್ದೆ ಎಂದುಕೊಂಡೆ. ಹೊಸ ವಾಕ್ಯ ಬರೆದ ಚೀಟಿಯನ್ನು ಹೆಮ್ಮೆಯಿಂದ ಅವಳ ಕೈಗೆ ಕೊಟ್ಟೆ.

"ಬೇಡ" ಎಂದಳು.

"ಯಾಕೆ? ಒಳ್ಳೆ ಮಾತಲ್ವಾ ಅದು?"

"ಯಾರಿಗೆ ಒಳ್ಳೇದು? ಗಟ್ಟಿಗಿತ್ತಿ, ಗಟ್ಟಿಗಿತ್ತಿ ಅಂತ ಬೆನ್ನು ತಟ್ಟಿ ತಟ್ಟಿನೇ ಎಲ್ಲರೂ ತಂದು ನನ್ನ ತಲೆ ಮೇಲೆ ಇಟ್ಟಿದ್ದು. ಲಾಂಡ್ರಿಯವರೂ ಅಷ್ಟೆ, ನೆಂಟರೂ ಅಷ್ಟೆ. ನೀನೂ ಅಷ್ಟೆ."

ನನಗೆ ಸಿಟ್ಟು ಬಂತು. ಶುಕ್ರವಾರವೆಲ್ಲ ಖಾನೆ ಎಳೆದು ಬೆರಳು ಬಾತಿತ್ತು. "ನಾನೇನು ಇಟ್ಟೆ ನಿನ್ನ ತಲೆ ಮೇಲೆ?"

ಅಕ್ಕ ಮಂಚದ ಮೇಲೆ ಬೆರಳಾಡಿಸಿದಳು. "ಇಷ್ಟೊಂದು ಚೀಟಿ ಇದೆಯಲ್ಲ. ಇದರಲ್ಲಿ ಎಲ್ಲಾದ್ರೂ ಒಂದು ಕಡೆ ನಾನು ಸುಮ್ಮನೆ ಕೂತಿದ್ದೀನಾ? ಹುಡುಕಿ ಕೊಡು."

ಇದೇನು ಮಹಾ ಎಂದು ಹುಡುಕತೊಡಗಿದೆ. ಮೊದಲು ನಿಂ‌ತುಕೊಂಡು, ಆಮೇಲೆ ನೆಲದ ಮೇಲೆ ಮೊಣಕಾಲೂರಿ ಒಂದೊಂದನ್ನೇ ನೋಡಿದೆ. ಎತ್ತುತ್ತಿದ್ದಳು, ಒಣಗಿಸುತ್ತಿದ್ದಳು, ಕೊಡುತ್ತಿದ್ದಳು, ಕಾಯುತ್ತಿದ್ದಳು, ಆಮೇಲೆ ತಿನ್ನುತ್ತಿದ್ದಳು. ನೂರ ಹದಿನೇಳರಲ್ಲಿ ಒಂದರಲ್ಲೂ ಅವಳು ಕೂತಿರಲಿಲ್ಲ. 'ಜೆಂಟಲ್'ಗೆ ಯಾರನ್ನು ಹಾಕಿದ್ದೆ ಎಂದು ನೆನಪಾಯಿತು. ಹಲ್ಲಿನ ಡಾಕ್ಟರನ್ನು.

"ಇದೇ ಹಾರ್ಡ್‌ನಲ್ಲಿ ಕಷ್ಟ ಅಂತಾನೂ ಒಂದು ಅರ್ಥ ಇದೆಯಲ್ಲ, ಅದಕ್ಕೆ ಯಾರನ್ನ ಹಾಕಿದ್ದೀಯ?" ಎಂದು ಅಕ್ಕ ಕೇಳಿದಳು.

"ಗಣಿತದ ಪರೀಕ್ಷೆ" ಎಂದೆ.

ಅಕ್ಕ ನಕ್ಕುಬಿಟ್ಟಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಚಿಕ್ಕಮ್ಮ ಅಂದಿದ್ದು ಅವತ್ತೇ ನನಗೂ ಕೇಳಿಸಿತ್ತು. ಅವಳ ಬಾಯಿ, ಅವಳು ಅಂದಳು. ನೀನು ನಲವತ್ತೈದು ವರ್ಷ ಆ ಮಾತನ್ನ ಜೋಪಾನವಾಗಿ ಇಟ್ಕೊಂಡೆಯಲ್ಲ, ಒಂದ್ಸಲ ಆದ್ರೂ, ಅಕ್ಕಾ ಯಾಕೆ ಅಳಲಿಲ್ಲ ಅಂತ ಕೇಳಬೇಕು ಅನ್ನಿಸ್ಲಿಲ್ವಾ ನಿನಗೆ?"

ಕೇಳಿದ್ದನ್ನು ಬರೆದುಕೊಳ್ಳುವುದೇ ಉದ್ಯೋಗ ಮಾಡಿಕೊಂಡವಳು ನಾನು. ಕೇಳಬೇಕಾದದ್ದನ್ನು ಕೇಳಿಯೇ ಇರಲಿಲ್ಲ. ನೆಲದ ಮೇಲೆ ಕೂತಲ್ಲಿಂದಲೇ ಕೇಳಿದೆ. "ಯಾಕೆ ಅಳಲಿಲ್ಲ ಅಕ್ಕಾ?"

ಅವಳು ಮತ್ತೆ ಹೊದಿಕೆ ಕೈಗೆತ್ತಿಕೊಂಡಳು. "ನಿದ್ದೆ ಬರ್ತಿತ್ತು ಕಣೇ."

"ಏನು?"

"ನಿದ್ದೆ. ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ಲು. ಆ ಎರಡು ವರ್ಷದಲ್ಲಿ ನಾನು ಒಟ್ಟಿಗೆ ಎರಡು ಗಂಟೆ ಮಲಗಿದ್ದು ನೆನಪಿಲ್ಲ. ಅವತ್ತು ಎಲ್ಲರೂ ಅಳ್ತಾ ಇದ್ರೆ ನನ್ನ ತಲೆಯಲ್ಲಿ ಒಂದೇ, ಇನ್ನು ಮಲಗಬಹುದು, ಇನ್ನು ಮಲಗಬಹುದು ಅಂತ. ಹೆತ್ತ ತಾಯಿ ಹೋಗಿದ್ದಾಳೆ, ಇವಳಿಗೆ ನಿದ್ದೆ! ಥೂ ನನ್ನ ಜನ್ಮಕ್ಕೆ ಅನ್ನಿಸ್ತು. ಯಾರಿಗೆ ಹೇಳ್ಲಿ? ಕಲ್ಲು ಅಂದ್ರೆ ಅನ್ನಲಿ, ಇದಕ್ಕಿಂತ ಅದೇ ವಾಸಿ ಅಂತ ಸುಮ್ಮನಿದ್ದೆ."

"ಆಮೇಲೆ ಮಲಗಿದೆಯಾ?"

"ಎಲ್ಲಿ? ಜನ ಹೋದ್ಮೇಲೆ ನೀನು ಶುರು ಹಚ್ಕೊಂಡೆ. ಬೆಳಗಾಗೋವರೆಗೂ ಹೊತ್ಕೊಂಡು ಓಡಾಡಿದೆ. ಒಂಬತ್ತು ವರ್ಷದವಳು, ಏನು ಭಾರ ಇದ್ದೆ ಅಂತೀಯ! ಬೆಳಿಗ್ಗೆ ಹೋಗಿ ಲಾಂಡ್ರಿಯಲ್ಲಿ ಕೆಲಸ ಕೇಳಿದೆ. ಮಾರನೇ ದಿನದಿಂದಲೇ ಬಾ ಅಂದ್ರು." ಅವಳು ಹೊದಿಕೆಯ ಅಂಚಿಗೆ ಅಂಚು ಸೇರಿಸಿದಳು. "ಅಳಬೇಕಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಆಮೇಲೆ ಪುರುಸೊತ್ತೇ ಆಗಲಿಲ್ಲ."

ಅವಳು ಬೇಡವೆಂದ ಚೀಟಿಯನ್ನು ಎತ್ತಿಕೊಂಡೆ. "ಸೋಮವಾರ ಆ ವಾಕ್ಯ ತೆಗೆಸ್ತೀನಿ. ಅಲ್ಲಿಗೆ ಚಿಕ್ಕಮ್ಮನ್ನೇ ಹಾಕ್ತೀನಿ" ಎಂದೆ.

"ಅವಳು ಬೇಡ, ಪಾಪ, ಹೋಗಿಬಿಟ್ಟಿದ್ದಾಳೆ. ಉತ್ತರ ಕೊಡೋಕೆ ಅವಳಿಲ್ಲ."

"ಮತ್ತೆ ಯಾರು? ಜಾಗ ಖಾಲಿ ಬಿಡೋ ಹಾಗಿಲ್ಲ. ಕೇಳಿದ್ದೇ ಆಗಬೇಕಂತೆ, ಅಷ್ಟೇ ಉದ್ದ ಇರಬೇಕಂತೆ."

ಅಕ್ಕ ಯೋಚಿಸಿದಳು. ಅವಳ ತುಟಿಯ ಕೊನೆಯಲ್ಲಿ ತುಂಟತನ ಕಂಡಿತು. "ನಿನ್ನನ್ನೇ ಹಾಕ್ಕೋ. 'ನನ್ನ ತಂಗಿ ಕಲ್ಲುಮನಸ್ಸಿನವಳು. ಅಕ್ಕ ಮಲಗಿದಳಾ ಅಂತ ಒಂದು ದಿನವೂ ನೋಡಲಿಲ್ಲ.' ಕೇಳಿದ್ಯಲ್ಲ? ಬರ್ಕೋ ಈಗ."

ತಮಾಷೆಗೇ ಹೇಳಿದಳು. ನಗುತ್ತಲೇ ಹೇಳಿದಳು. ನಾನು ಚೀಟಿಯ ಹಿಂಬದಿಗೆ ಬರೆದುಕೊಂಡೆ, ಅಕ್ಷರ ಎಣಿಸಿದೆ, ಸಾಲಿನಲ್ಲಿ ಕೂರುತ್ತಿತ್ತು. ಕೊನೆಯ ಚುಕ್ಕೆ ಇಡುವಾಗ ನನಗೆ ಅಳು ಒತ್ತರಿಸಿಕೊಂಡು ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ತಕ್ಷಣ ಹೊದಿಕೆ ಬಿಟ್ಟು ನನ್ನ ಕಡೆ ಬಂದಳು. ಅವಳಿಗೆ ಬೇರೇನೂ ಗೊತ್ತಿಲ್ಲ.

"ಬರಬೇಡ" ಎಂದೆ. "ನಾನು ಅಳ್ತೀನಿ, ನನ್ನ ಪಾಡಿಗೆ ನಿಲ್ಲಿಸ್ತೀನಿ. ನೀನು ಮಲಗು."

"ಹುಚ್ಚಾ? ಮಧ್ಯಾಹ್ನ ಎರಡು ಗಂಟೆಗೆ ಯಾರಾದ್ರೂ ಮಲಗ್ತಾರಾ? ಅಡುಗೆ ಇನ್ನೂ ಅರ್ಧ ಆಗಿಲ್ಲ."

"ನಾನು ಮಾಡ್ತೀನಿ."

"ನಿನಗೆ ಏನು ಬರುತ್ತೆ?"

"ಏನೂ ಬರಲ್ಲ. ಕೆಟ್ಟು ಹೋದ್ರೆ ಕೆಟ್ಟಿದ್ದನ್ನೇ ತಿನ್ನೋಣ."

ಮಂಚದ ಮೇಲಿನ ಚೀಟಿಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿದೆ. ಅಕ್ಕ ಗೊಣಗುತ್ತಾ ಕೂತಳು. ಹಾಸಿಗೆಯ ಸುಕ್ಕು ಸರಿಮಾಡಿದಳು. "ಹತ್ತು ನಿಮಿಷ ಅಷ್ಟೆ" ಎಂದು ಒರಗಿದಳು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಅವಳು ಅರ್ಧ ಮಾಡಿದ ಪಲ್ಯವಿತ್ತು. ಬಟಾಣಿ ಹಾಕಿದೆ, ನೀರು ಹಾಕಿದೆ, ಹೆಚ್ಚಾಯಿತೋ ಏನೋ. ಪಕ್ಕದ ಒಲೆಯಲ್ಲಿ ಅನ್ನಕ್ಕಿಟ್ಟೆ. ಉಪ್ಪು ಕಾಣಲಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು, ಕಿಟಕಿಯ ಕಟ್ಟೆ ಎಲ್ಲ ನೋಡಿದೆ. ಈ ಮನೆಯಲ್ಲಿ ಮೂವತ್ತು ವರ್ಷದಿಂದ ಉಪ್ಪು ತಿನ್ನುತ್ತಿದ್ದೇನೆ, ಅದು ಎಲ್ಲಿರುತ್ತದೆ ಎಂದು ಗೊತ್ತಿಲ್ಲ. "ಅಕ್ಕಾ, ಉಪ್ಪು ಎಲ್ಲಿಟ್ಟಿದ್ದೀಯ?" ಎಂದು ಕೂಗಿದೆ. ಉತ್ತರ ಬರಲಿಲ್ಲ. ಬಾಗಿಲಿಗೆ ಬಂದು ನೋಡಿದೆ.

ಅಕ್ಕ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕಾಲು ಮಂಚದಿಂದ ಹೊರಗೆ ಚಾಚಿತ್ತು, ಎದ್ದು ಓಡುವುದಕ್ಕೆ ಸಿದ್ಧವಾಗಿ. ಹಗಲಿನಲ್ಲಿ ಅವಳು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನೊಮ್ಮೆ ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಸಪ್ಪೆ ಅಡುಗೆಯನ್ನೇ ಇಳಿಸಿ, ಎರಡು ತಟ್ಟೆ ಇಟ್ಟು, ಅವಳು ತಾನಾಗಿ ಏಳುವವರೆಗೂ ಕಾಯುತ್ತಾ ಕೂತೆ. ಅವಳು ಎದ್ದಾಗ ಐದೂವರೆಯಾಗಿತ್ತು.